ರಾಹುಲನ ಮೊದಲ ಪಾಠ

ದಿನವೂ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತರೆ ಮಕ್ಕಳ ಓದು ಸುಧಾರಿಸುತ್ತದೆಂದು ಹೇಳುವವರು ಈಗ ಬಹಳ. ನಾನೂ ಆ ಗುಂಪಿನವನೇ. ಹನ್ನೆರಡು ದಾಟಿದ ಮೊಮ್ಮಗನಿಗೆ ಬೌದ್ಧರ ಧ್ಯಾನದ ಪರಿಚಯವಾಗಲೆಂದು ಕಳೆದ ಬೇಸಗೆಯಲ್ಲಿ ಅವನನ್ನು ಬೈಲಕುಪ್ಪೆಗೆ ಕರೆದೊಯ್ದೆ. 1959ರ ನಂತರ ದೇಶ ಬಿಟ್ಟು ಬಂದ ಟಿಬೆಟನ್ನರು ಕಾಡು ಕಡಿದು ಕಟ್ಟಿಕೊಂಡ ಊರು ಅದು. 1963ರಲ್ಲಿ ಆರಂಭವಾದ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಇವನ ಓರಗೆಯ ಹುಡುಗರೇ ಕೆಂಪು ವಸ್ತ್ರ ಹೊದ್ದು ಓಡಾಡುತ್ತಾರೆ.

ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರು ಹುಡುಗನ ವಯಸ್ಸು ಕೇಳಿದ. "ಹನ್ನೊಂದು" ಎಂದೆ. ಅರ್ಧ ಟಿಕೆಟು ಹರಿದು ಕೊಟ್ಟ. ಉಳಿದದ್ದು ಹೇಳಿಕೊಳ್ಳುವಂಥ ಹಣವೇನೂ ಅಲ್ಲ.

ಬುದ್ಧನ ಮಗ ರಾಹುಲ ಏಳನೆಯ ವಯಸ್ಸಿನಲ್ಲಿ ಸಂಘ ಸೇರಿದನೆಂಬುದು ಸಂಪ್ರದಾಯದ ಮಾತು. ಆಗ ಶುದ್ಧೋದನ ಬಂದು, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯಾರ ಮಕ್ಕಳಿಗೂ ದೀಕ್ಷೆ ಕೊಡಬೇಡವೆಂದು ಬೇಡಿಕೊಂಡ. ಬುದ್ಧ ಅದನ್ನೇ ನಿಯಮವಾಗಿಸಿದ. ಅಜ್ಜನಾದ ಮೇಲೆ ನನಗೆ ಈ ಕಥೆಯಲ್ಲಿ ಕನಿಕರವೆಲ್ಲ ಆ ಮುದುಕನ ಮೇಲೆಯೇ.

ಎಳೆಯ ರಾಹುಲನಿಗೆ ತಂದೆ ಕೊಟ್ಟ ಉಪದೇಶ ಮಜ್ಝಿಮನಿಕಾಯದಲ್ಲಿದೆ. ಅದರಲ್ಲಿ ಪುನರ್ಜನ್ಮದ ಮಾತಿಲ್ಲ, ಕಣ್ಣು ಮುಚ್ಚುವ ಮಾತೂ ಇಲ್ಲ. ಕಾಲು ತೊಳೆದ ಪಾತ್ರೆಯಲ್ಲಿ ಒಂದಿಷ್ಟೇ ನೀರುಳಿಸಿ ಬುದ್ಧ ತೋರಿಸುತ್ತಾನೆ: ತಿಳಿದೂ ಸುಳ್ಳಾಡಲು ನಾಚದವನ ಸಾಧನೆ ಇಷ್ಟೇ. ಆ ನೀರನ್ನೂ ಚೆಲ್ಲುತ್ತಾನೆ, ಪಾತ್ರೆಯನ್ನು ಮಗುಚುತ್ತಾನೆ, ಮತ್ತೆ ಎತ್ತಿ ಬರಿದನ್ನು ತೋರಿಸುತ್ತಾನೆ. ತಮಾಷೆಗೂ ಸುಳ್ಳು ಬೇಡ. ಕನ್ನಡಿಯಲ್ಲಿ ಮುಖ ನೋಡುವಂತೆ, ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ಯಾರಿಗಾದರೂ ನೋವುಂಟೇ ಎಂದು ನೋಡಿಕೋ. ಉಸಿರಾಟದ ಧ್ಯಾನ ಬರುವುದು ಬೇರೆ ಉಪದೇಶದಲ್ಲಿ. ಅದು ಹುಡುಗ ಬೆಳೆದ ಮೇಲಿನದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ.

ಇನ್ನೊಂದು ವಿಷಯವುಂಟು. ಭಿಕ್ಷುಗಳೂ ಗೃಹಸ್ಥರೂ ಮತ್ತೆಮತ್ತೆ ಕೇಳಬೇಕೆಂದು ಅಶೋಕ ಬೈರಾಟದ ಶಾಸನದಲ್ಲಿ ಹೆಸರಿಸಿದ ಉಪದೇಶಗಳಲ್ಲಿ, ರಾಹುಲನಿಗೆ ಸುಳ್ಳಿನ ಕುರಿತು ಹೇಳಿದ್ದೂ ಒಂದು. ಮಗುವಿನ ಪಾಠವನ್ನು ಚಕ್ರವರ್ತಿ ದೊಡ್ಡವರಿಗೆ ವಿಧಿಸಿದ!

ನಾವು ಮಾಡುತ್ತಿರುವುದು ತಿರುಗುಮುರುಗು. ಉಸಿರು ಎಣಿಸುವುದನ್ನು ಕಲಿಸಲು ಮನೆಯ ಹಿರಿಯರು ಏನನ್ನೂ ಬಿಡಬೇಕಾಗಿಲ್ಲ. ಅದಕ್ಕೇ ಅದು ನಮಗೆ ಇಷ್ಟು ಪ್ರಿಯವೋ ಏನೋ. ಪಾತ್ರೆಯ ಪಾಠ ಹೇಳಹೊರಟರೆ ಪಾತ್ರೆ ನಮ್ಮ ಕೈಯಲ್ಲೇ ಇರುತ್ತದೆ.

ಇದೆಲ್ಲ ಆಮೇಲೆ ಹೊಳೆದದ್ದು. ಅಂದು ಸಂಜೆ ವಿಹಾರದ ಅಂಗಳದಲ್ಲಿ ಹುಡುಗನಿಗೆ ಈ ಕಥೆಯನ್ನು ಬಲು ಉತ್ಸಾಹದಿಂದ ಹೇಳಿದೆ. ಅವನು ಪೂರ್ತಿ ಕೇಳಿ, "ತಾತ, ನನಗೆ ಹನ್ನೊಂದು ಅಂದೆಯಲ್ಲ, ಅದು ತಮಾಷೆಗಾ?" ಎಂದ.

ಮರಳುವಾಗ ಎರಡು ಪೂರ್ತಿ ಟಿಕೆಟು ಕೇಳಿದೆ. ಹೋದಾಗಿನ ಬಾಕಿ ಹಾಗೇ ಇದೆ. ಅದನ್ನು ಯಾರಿಗೆ ಕೊಡುವುದೆಂದು ಅವನು ಈಗಲೂ ಕೇಳುತ್ತಿರುತ್ತಾನೆ.