ತಿದ್ದುವ ಮೊದಲು

ಒಬ್ಬರ ಪ್ರಾರ್ಥನೆಯನ್ನು ಇನ್ನೊಬ್ಬರು ತಿದ್ದಬಹುದೇ? ಮಕ್ಕಳ ಪಾಟಿ ತಿದ್ದುವುದೇ ನನ್ನ ಕಸುಬು. ಅದಕ್ಕೇ ಈ ಪ್ರಶ್ನೆ ನನ್ನನ್ನು ಭಾಳ ದಿನ ಕಾಡಿದೆ. ಅದನ್ನು ನೆಟ್ಟಗೆ ಎದುರಿಗೆ ತಂದು ನಿಲ್ಲಿಸಿದ್ದು ಜಲಾಲುದ್ದೀನ್ ರೂಮಿಯವರ ಒಂದು ಕಥೆ.

ರೂಮಿ (1207–1273) ಈಗಿನ ಟರ್ಕಿ ದೇಶದ ಕೊನ್ಯಾದಲ್ಲಿ ಬಾಳಿದ ಸೂಫಿ. ಫಾರ್ಸಿ ಭಾಷೆಯ ಅವರ ‘ಮಸ್ನವಿ’ಯಲ್ಲಿ ಆರು ಸಂಪುಟ, ಸುಮಾರು 25,000 ದ್ವಿಪದಿಗಳಿವೆ. ಈ ಕಥೆ ಎರಡನೆಯ ಸಂಪುಟದಲ್ಲಿದೆ.

ಪ್ರವಾದಿ ಮೂಸಾ ದಾರಿ ಹಿಡಿದು ಹೊರಟಾಗ ಒಬ್ಬ ಕುರಿ ಕಾಯುವವನು ದೇವರ ಸಂಗಡ ಮಾತಾಡುವುದು ಕೇಳಿಸಿತು. ನೀ ಎಲ್ಲಿದ್ದೀ ಹೇಳಿದರೆ ಬಂದು ನಿನ್ನ ಕಾಲ್ಮರಿ ಹೊಲಿಯುತ್ತೇನೆ, ತಲೆ ಬಾಚಿ ಹೇನು ಹೆಕ್ಕುತ್ತೇನೆ, ಹಾಲು ತಂದು ಕೊಡುತ್ತೇನೆ ಎಂದು ಅವನ ಹಂಬಲ. ಮೂಸಾರಿಗೆ ಸಿಟ್ಟು ಬಂತು. ಇದು ದೇವನಿಂದೆ, ಬಾಯಿಗೆ ಅರಳೆ ತುರುಕಿಕೋ ಎಂದು ಗದರಿಸಿದರು. ಅವನು ಅಂಗಿ ಹರಿದುಕೊಂಡು, ನಿಟ್ಟುಸಿರು ಬಿಟ್ಟು ಮರುಭೂಮಿಗೆ ನಡೆದುಬಿಟ್ಟ. ಆಗ ದೇವರು ಆಕ್ಷೇಪಿಸಿದ್ದು ಮೂಸಾರನ್ನೇ: ಕೂಡಿಸಬೇಕಾದವರು ಅಗಲಿಸಿದಿರಿ ಎಂದು.

ಮೂಸಾರ ಮಾತು ತಪ್ಪಲ್ಲ. ಅಲ್ಲಾಹನಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಹೋಲಿಕೆಯೇ ಇಲ್ಲ ಎಂಬುದು ಇಸ್ಲಾಮಿನ ಮೂಲ ನಂಬಿಕೆ. ಮಾತು ಸರಿಯಿದ್ದೂ ತಪ್ಪು ನಡೆಯಿತು. ಕಥೆಯ ತಿರುಳು ಇಲ್ಲೇ ಇದೆ.

ಇಂಥ ತಪ್ಪು ನಾನೂ ಮಾಡಿದ್ದೇನೆ. ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ದಿನಾ ಮುಂಜಾನೆ ಗುಡ್ಡಾಪುರದ ದಾನಮ್ಮನ ಪಟದ ಮುಂದೆ ಕುಂತು, “ಯವ್ವಾ, ಥಂಡಿ ಭಾಳ ಐತಿ. ರೊಟ್ಟಿ ಬಿಸಿ ಐತಿ, ಉಣ್ಣು ಬಾ” ಅನ್ನುತ್ತಿದ್ದಳು. ಹೊಸದಾಗಿ ಮಾಸ್ತರನಾಗಿದ್ದ ನಾನು ಒಂದಿನ, “ಪಟಕ್ಕ ಎಲ್ಲಿ ಥಂಡಿ ಆಗತೈತಬೇ? ಎರಡು ವಚನ ಕಲಿ, ಅವನ್ನ ಅನ್ನು” ಅಂದೆ. ಅವ್ವ ಕಲಿತಳು, ತಪ್ಪಿಲ್ಲದೆ ಅಂದಳು. ಆದರೆ ದಾನಮ್ಮನನ್ನು ಊಟಕ್ಕೆ ಕರೆಯುವುದು ಅಂದೇ ನಿಂತಿತು. ಅದು ನಿಂತದ್ದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಹಾಗಾದರೆ ತಿದ್ದಲೇಬಾರದೇ? ಹಾಗೂ ಹೇಳಲಾರೆ. ದೇವರ ಹೆಸರಲ್ಲಿ ಒಬ್ಬರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ, ಹರಕೆಗಾಗಿ ಮಗುವಿನ ಶಾಲೆ ಬಿಡಿಸಿದರೆ, ಸುಮ್ಮನಿರುವುದೇ ಪಾಪ. ಅಲ್ಲಿ ಪೆಟ್ಟು ಬೀಳುವುದು ಇನ್ನೊಬ್ಬರಿಗೆ. ಅವ್ವನ ಮಾತಿನಿಂದ ಯಾರಿಗೆ ಪೆಟ್ಟು ಬಿದ್ದಿತ್ತು?

ಕಥೆ ಇನ್ನೂ ಇದೆ. ಮೂಸಾ ಹೆಜ್ಜೆ ಗುರುತು ಹಿಡಿದು ಹೋಗಿ ಅವನನ್ನು ಕಂಡು, ನಿನಗೆ ತಿಳಿದ ಹಾಗೆ ಮಾತಾಡು ಎನ್ನುತ್ತಾರೆ. ಅವನಾದರೋ, ನಾನೀಗ ಅದನ್ನೆಲ್ಲ ದಾಟಿದ್ದೇನೆ, ನಿಮ್ಮ ಬೈಗುಳವೇ ಚಾಟಿಯಾಗಿ ನನ್ನನ್ನು ಮುಂದೆ ಓಡಿಸಿತು ಎಂದು ಅವರನ್ನೇ ಹರಸುತ್ತಾನೆ. ಇದನ್ನು ಓದಿದಾಗ, ಅವ್ವನೂ ಹಾಗೇ ದಾಟಿರಬಹುದಲ್ಲ ಎಂದು ಮನಸ್ಸು ಸಮಾಧಾನ ಹುಡುಕಿತು. ಸಿಗಲಿಲ್ಲ. ಆ ಮಾತು ಹೇಳುವ ಹಕ್ಕು ಬೈಸಿಕೊಂಡವನದು, ಬೈದವನದಲ್ಲ. ಬೈದವನಿಗೆ ಉಳಿಯುವ ಕೆಲಸ ಹುಡುಕಿಕೊಂಡು ಹೋಗುವುದೊಂದೇ. ಮೂಸಾ ಹೋದರು. ನನಗೆ ಬುದ್ಧಿ ಬರುವಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು.

ಈಗಲೂ ಪಾಟಿ ತಿದ್ದುತ್ತೇನೆ. ಆದರೆ ಕೈಮುಗಿದು ನಿಂತವರು ಏನಾದರೂ ತಪ್ಪಾಗಿ ಅಂದರೆ, ಕೇಳಿಸದವನಂತೆ ಮುಂದೆ ಹೋಗುವುದನ್ನು ಕಲಿಯುತ್ತಿದ್ದೇನೆ.