"ಇಲ್ಲಿ ಕುಂದರಬೌದೇನೋ ಯಪ್ಪಾ?"

ಇಂದಿನ ಧಮ್ಮ ಚಿಂತನೆ

ಧಮ್ಮಬಂಧುಗಳೇ,

ಇವತ್ತು ಸುತ್ತದಿಂದ ಶುರು ಮಾಡುವುದಿಲ್ಲ, ನಮ್ಮವ್ವ ಕೇಳಿದ ಒಂದು ಮಾತಿನಿಂದ ಶುರು ಮಾಡುತ್ತೇನೆ.

2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಬಾಬಾಸಾಹೇಬರ ಜೀವನ ಸಾಧನೆಯ ಮೇಲೆ ನಡೆಯಿತು, ನಿಮಗೆ ನೆನಪಿರಬೇಕು. ಗ್ರೂಪಿನಲ್ಲಿ ಬಂದ ಫೋಟೋ ತೋರಿಸಿದೆ. "ನನಗೂ ಒಮ್ಮೆ ಕರಕೊಂಡು ಹೋಗೋ" ಅಂದಳು. ಎಪ್ಪತ್ತು ದಾಟಿದ ಜೀವ. ನಾಗಪುರದ ದೀಕ್ಷಾಭೂಮಿ ಒಂದು ಬಿಟ್ಟರೆ ದೂರದ ಊರು ಕಂಡವಳಲ್ಲ. ಜಮಖಂಡಿಯಿಂದ ರಾತ್ರಿ ಬಸ್ಸು ಹತ್ತಿದೆವು. ತಮ್ಮ ಬೆಂಗಳೂರಿನಲ್ಲಿ ಗೌಂಡಿ ಕೆಲಸ ಮಾಡುತ್ತಾನೆ, ಒಂದು ದಿನದ ಪಗಾರ ಬಿಟ್ಟು ಅವನೂ ಬಂದ.

ಗಾಜಿನ ಮನೆಯ ಗದ್ದಲ ಹೇಳತೀರದು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಅಡಿಗಲ್ಲಿಟ್ಟ ಆ ಮನೆಯೊಳಗೆ, ಹೂವಿನ ನಡುವೆ ನಮ್ಮ ಬಾಬಾ. ಅವ್ವ ಚಪ್ಪಲಿ ಕಳಚಲು ಬಾಗಿದಳು, ಹಿಂದಿನ ಮಂದಿ ನೂಕಿಕೊಂಡು ಬಂದರು, ಕೈ ಮುಗಿಯುವಷ್ಟರಲ್ಲಿ ನಾವು ಇನ್ನೊಂದು ಬಾಗಿಲಲ್ಲಿ ಹೊರಗಿದ್ದೆವು.

ಹೊರಗೆ ಬಂದು ಸ್ವಲ್ಪ ದೂರ ನಡೆದ ಮೇಲೆ ಒಂದು ದೊಡ್ಡ ಗಿಡದ ಕೆಳಗೆ ಕಲ್ಲಿನ ಬೆಂಚು ಖಾಲಿ ಇತ್ತು. ಅವ್ವನಿಗೆ ಮೊಣಕಾಲು ನೋವು. ಬೆಂಚಿನ ಹತ್ತಿರ ಹೋದಳು, ನಿಂತಳು, ಅತ್ತಿತ್ತ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಇಲ್ಲಿ ಕುಂದರಬೌದೇನೋ ಯಪ್ಪಾ? ಯಾರರೆ ಏನರೆ ಅಂದಾರು."

ನಮ್ಮೂರ ಗುಡಿಯ ಮುಂದೆ ಒಂದು ಅರಳಿ ಕಟ್ಟೆ ಇದೆ. ನಿಮ್ಮ ಊರಲ್ಲೂ ಇರುತ್ತದೆ, ಮುಧೋಳದ ಕಡೆ ಇರಲಿ, ಬೀಳಗಿ ಕಡೆ ಇರಲಿ. ನಮ್ಮಜ್ಜ ಆ ಕಟ್ಟೆಯ ಮುಂದೆ ಹಾಯುವಾಗ ಕಾಲಾಗಿನ ಕೆರ ಕೈಯಾಗ ಹಿಡಿದು ಹಾಯುತ್ತಿದ್ದ. ಅವ್ವ ಸೊಸೆಯಾಗಿ ಬಂದಾಗ ಕಲಿತ ಮೊದಲ ಪಾಠವೂ ಅದೇ: ಆ ನೆರಳು ನಮ್ಮದಲ್ಲ. ಯಾವ ಗಿಡದ ಕೆಳಗೆ ಕುಳಿತು ಸಿದ್ಧಾರ್ಥ ಬುದ್ಧನಾದನೋ ಅದೇ ಜಾತಿಯ ಗಿಡ!

ಬೆಂಚಿನ ಮೇಲೆ ಅವಳನ್ನು ಕೂಡಿಸಿ ನಾನು ಸಂವಿಧಾನದ 15ನೇ ವಿಧಿಯ 2ನೇ ಖಂಡ ಹೇಳಿದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರನ್ನೂ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಂದ ದೂರ ಇಡುವಂತಿಲ್ಲ. ಸರಕಾರದ ದುಡ್ಡಿನಿಂದ ನಡೆಯುವ, ಜನ ಸೇರುವ ಯಾವ ಜಾಗದಿಂದಲೂ ಇಡುವಂತಿಲ್ಲ. ಕೆರೆ ಎಂಬ ಶಬ್ದ ಅಲ್ಲಿ ಸುಮ್ಮನೆ ಬಂದದ್ದಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿದ ಇತಿಹಾಸ ಅದರ ಹಿಂದೆ ಇದೆ. "ಈ ಬೆಂಚೂ ಅದರಾಗ ಬಂತು ಯವ್ವಾ" ಅಂದೆ. ಅವಳು ಬೆಂಚಿನ ಕಲ್ಲನ್ನು ಅಂಗೈಯಿಂದ ಸವರಿದಳು, ಏನೂ ಅನ್ನಲಿಲ್ಲ.

ಲಾಲ್‌ಬಾಗ್ ಮೊದಲಿಂದಲೂ ಎಲ್ಲರದಾಗಿರಲಿಲ್ಲ. 1760ರಲ್ಲಿ ಹೈದರಾಲಿ ಮಾಡಿಸಿದ ಅರಸರ ತೋಟ ಅದು. ಟಿಪ್ಪು ಹೊರದೇಶದ ಗಿಡಗಳನ್ನು ತರಿಸಿ ಹಚ್ಚಿಸಿದ. 1856ರಲ್ಲಿ ಸರಕಾರಿ ಸಸ್ಯೋದ್ಯಾನ ಆಯಿತು. ಈಗ 240 ಎಕರೆ. ಆದರೆ ಮಂದಿಗೋಸ್ಕರ ಗಿಡ ಹಚ್ಚುವ ವಿಚಾರ ಅರಸರ ತಲೆಯಲ್ಲಿ ಅದಕ್ಕಿಂತ ಎರಡು ಸಾವಿರ ವರ್ಷ ಮೊದಲೇ ಬಂದಿತ್ತು. ಮನುಷ್ಯರಿಗೂ ದನಕರುಗಳಿಗೂ ಬೇಕಾದ ಔಷಧಿ ಗಿಡಗಳು ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸಿದೆ ಎಂದು ಅಶೋಕ ತನ್ನ 2ನೇ ಬಂಡೆ ಶಾಸನದಲ್ಲಿ ಬರೆಸಿದ್ದಾನೆ. ದಾರಿಯುದ್ದ ನೆರಳಿಗೆಂದು ಆಲದ ಗಿಡ ನೆಡಿಸಿದ್ದು ದಿಲ್ಲಿಯಲ್ಲಿರುವ ಸ್ತಂಭದ 7ನೇ ಶಾಸನದಲ್ಲಿದೆ. ನೆರಳು ಯಾರಿಗೆ ಎಂದು ಅಲ್ಲಿ ಎಣಿಸಿಲ್ಲ. ಮನುಷ್ಯರಿಗೆ, ಪಶುಗಳಿಗೆ, ಅಷ್ಟೇ.

ನಾವು ಒಬ್ಬರನ್ನೊಬ್ಬರು ಕಂಡಾಗ "ಆರಾಮ ಅದೀರೇನ್ರಿ" ಅನ್ನುತ್ತೇವೆ. ಪಾಲಿಯಲ್ಲಿ ಆರಾಮ ಅಂದರೆ ತೋಟ. ಬಿಂಬಿಸಾರ ಅರಸ ಬುದ್ಧನಿಗೆ ಕೊಟ್ಟ ವೇಳುವನ, ಅಂದರೆ ಬಿದಿರಿನ ತೋಪು, ಸಂಘಕ್ಕೆ ಸಿಕ್ಕ ಮೊದಲ ಆರಾಮ. ಕೊಡುವ ಮೊದಲು ಅರಸ ಏನು ವಿಚಾರ ಮಾಡಿದ ಎಂಬುದು ವಿನಯ ಪಿಟಕದಲ್ಲಿದೆ: ಊರಿಗೆ ತೀರಾ ಹತ್ತಿರ ಬೇಡ, ತೀರಾ ದೂರವೂ ಬೇಡ, ಬರಬೇಕೆನ್ನುವವರಿಗೆ ಬಂದು ಹೋಗಲು ಅನುಕೂಲ ಇರಬೇಕು. ನನಗೆ ಈ ಕೊನೆಯ ಮಾತು ಬಹಳ ಹಿಡಿಸುತ್ತದೆ. ಅದೇ ರಾಜಗೃಹದಲ್ಲಿ ಸುನೀತ ಇದ್ದ. ಬಾಡಿದ ಹೂ ಗುಡಿಸಿ ಎತ್ತಿ ಹಾಕುವುದು ಅವನ ಕೆಲಸ. ಬುದ್ಧ ಎದುರಿಗೆ ಬಂದಾಗ ಅವನು ಹೆಗಲಮೇಲಿನ ಹೊರೆ ಇಳಿಸಿ ನಮಸ್ಕರಿಸಿದ, ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಬೇಡಿದ. ಬಾ ಎಂದು ಕರೆದು ಬುದ್ಧ ಅವನನ್ನು ಭಿಕ್ಖು ಮಾಡಿದ. ಲಾಲ್‌ಬಾಗ್‌ನಲ್ಲೂ ಮಂದಿ ಹೂ ನೋಡುತ್ತಿದ್ದರು, ಪಕ್ಕದಲ್ಲೇ ನಾಲ್ಕೈದು ಹೆಣ್ಣುಮಕ್ಕಳು ಉದ್ದನೆಯ ಬಾರಿಗೆ ಹಿಡಿದು ಎಲೆ ಗುಡಿಸುತ್ತಿದ್ದರು. ಅವರ ಫೋಟೋ ಯಾರೂ ತೆಗೆಯಲಿಲ್ಲ. ಅವ್ವ ಒಬ್ಬಾಕೆಯನ್ನು "ಯಾವೂರವ್ವಾ?" ಎಂದು ಮಾತಾಡಿಸಿದಳು.

ಅಲ್ಲಿಂದ ಮುಂದೆ ಅವ್ವನ ಸಂಕೋಚ ಬಿಟ್ಟಿತು. ಗಿಡಗಳಿಗೆ ಹಚ್ಚಿದ ಬೋರ್ಡನ್ನು ನಾನು ಓದುವುದು, ಅದರ ಉಪಯೋಗ ಅವಳು ಹೇಳುವುದು. ಹೊಂಗೆ ಕಂಡರೆ ದೀಪದ ಎಣ್ಣೆ, ಬೇವು ಕಂಡರೆ ಜೋಳದ ಚೀಲದಲ್ಲಿ ಹಾಕುವ ಎಲೆ, ಮುತ್ತಲ ಕಂಡರೆ ಪತ್ರಾವಳಿ. ಗೋಡೆಯಷ್ಟು ಎತ್ತರ ಬೇರು ಬಿಟ್ಟ ಆ ಪ್ರಸಿದ್ಧ ಬಿಳಿ ಬೂರುಗದ ಮುಂದೆ ನಿಂತು, "ಇದರ ಹತ್ತಿ ನೂಲಿಗೆ ಬರೂದಿಲ್ಲ, ತಲಿದಿಂಬಿಗೆ ಬರ್ತದ" ಅಂದಳು. ತವರುಮನೆ ಬನಹಟ್ಟಿ, ಸಣ್ಣಾಕಿ ಇದ್ದಾಗಿನಿಂದ ಕಂಡಿಕೆ ಸುತ್ತಿದವಳು. ನೂಲಿನ ವಿಷಯದಲ್ಲಿ ಅವಳಿಗೆ ಬೋರ್ಡು ಬೇಕಾಗಿಲ್ಲ.

ನನಗೆ ಜೀವಕನ ನೆನಪಾಯಿತು. ಹುಟ್ಟಿದ ಕೂಡಲೇ ಮೊರದಲ್ಲಿ ಹಾಕಿ ತಿಪ್ಪೆಗೆ ಎಸೆದ ಕೂಸು ಅವನು. ಇನ್ನೂ ಜೀವ ಇದೆ ಎಂದು ಎತ್ತಿಕೊಂಡದ್ದರಿಂದ ಆ ಹೆಸರು. ದೊಡ್ಡವನಾಗಿ ತಕ್ಷಶಿಲೆಯಲ್ಲಿ ಏಳು ವರ್ಷ ವೈದ್ಯ ಕಲಿತ. ಪರೀಕ್ಷೆಯಲ್ಲಿ ಗುರು ಕೈಗೆ ಗುದ್ದಲಿ ಕೊಟ್ಟು, ಊರ ಸುತ್ತ ಒಂದು ಯೋಜನ ತಿರುಗಿ ಔಷಧಿಗೆ ಬಾರದ ಗಿಡ ಕಂಡರೆ ಕಿತ್ತು ತಾ ಅಂದ. ಜೀವಕ ತಿರುಗಿ ತಿರುಗಿ ಬರಿಗೈಲಿ ಬಂದ. ಗುರು, ನಿನ್ನ ವಿದ್ಯೆ ಮುಗಿಯಿತು ಹೋಗು ಅಂದ. ತಿಪ್ಪೆಗೆ ಬಿದ್ದವನಿಗಲ್ಲದೆ ಇನ್ಯಾರಿಗೆ ಆ ಕಣ್ಣು ಬರಬೇಕು? ಮುಂದೆ ಅವನೂ ತನ್ನ ಮಾವಿನ ತೋಪನ್ನು ಸಂಘಕ್ಕೆ ಕೊಟ್ಟ.

ಇನ್ನೊಂದು ಮಾತು, ಮರೆಯುವ ಮೊದಲು. ನಾಗಲಿಂಗ ಪುಷ್ಪದ ಗಿಡದ ಫೋಟೋ ಹಾಕಿ "ಬುದ್ಧ ಹುಟ್ಟಿದ್ದು ಈ ಸಾಲ ವೃಕ್ಷದ ಕೆಳಗೆ" ಎಂದು ನಮ್ಮ ಗ್ರೂಪಿಗೂ ಒಮ್ಮೆ ಮೆಸೇಜ್ ಬಂದಿತ್ತು. ಶ್ರೀಲಂಕಾ, ಥೈಲ್ಯಾಂಡಿನ ವಿಹಾರಗಳಲ್ಲೂ ಹಾಗೇ ನಂಬುವವರಿದ್ದಾರೆ. ಆ ಗಿಡ ದಕ್ಷಿಣ ಅಮೆರಿಕದ್ದು, ಬುದ್ಧನ ಕಾಲದಲ್ಲಿ ಇಲ್ಲಿ ಇರಲೇ ಇಲ್ಲ. ಸಾಲ ಬೇರೆಯೇ ಗಿಡ. ಕಾಲಾಮ ಸುತ್ತ ಓದಿದ ನಾವು ಫಾರ್ವರ್ಡ್ ಮಾಡುವ ಮೊದಲು ಒಮ್ಮೆ ಪರೀಕ್ಷೆ ಮಾಡೋಣ.

ಊರಿಗೆ ಬಂದ ಮೇಲಿನದನ್ನೂ ಹೇಳಬೇಕು. ನಮ್ಮೂರ ಅರಳಿ ಕಟ್ಟೆಗೆ ಈಗ ಸರಕಾರದ ಅನುದಾನದಲ್ಲಿ ಟೈಲ್ಸ್ ಹಾಕಿದ್ದಾರೆ. ಅಲ್ಲಿ ಕೂಡಬೇಡಿ ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮೊನ್ನೆ ಜಮಖಂಡಿ ದವಾಖಾನೆಗೆ ಹೋಗಲು ಅವ್ವನ ಜೊತೆ ಬಸ್ಸಿಗೆ ಕಾಯುತ್ತಿದ್ದೆ. ಬಿಸಿಲು ಏರಿತ್ತು. ಕಟ್ಟೆಯ ಮೇಲೆ ನೆರಳಿತ್ತು, ಜಾಗವೂ ಇತ್ತು, ನಾಲ್ಕು ಮಂದಿ ಕುಳಿತು ಮಾತಾಡುತ್ತಿದ್ದರು.

"ಕುಂದರು ಯವ್ವಾ" ಅಂದೆ.

"ಬಸ್ ಬಂದ ಬಿಡ್ತದಲ್ಲ ಇನ್ನ" ಅಂದಳು.

ಬಸ್ಸು ಬಂದದ್ದು ಮುಕ್ಕಾಲು ತಾಸಿನ ಮೇಲೆ. ಅಲ್ಲಿವರೆಗೆ ಅವಳೂ ನಿಂತಿದ್ದಳು. 15ನೇ ವಿಧಿ ಬಾಯಿಪಾಠ ಇದ್ದ ನಾನೂ ನಿಂತೇ ಇದ್ದೆ.

ರವಿವಾರದ ವಂದನೆ ಮುಗಿದ ಮೇಲೆ ಇದರ ಬಗ್ಗೆ ಮಾತಾಡೋಣ, ಎಲ್ಲರೂ ಬನ್ನಿ.

ನಮೋ ಬುದ್ಧಾಯ. ಜೈ ಭೀಮ್.