ತಂಬೂರಿಯವರ ಹೆಸರು

ಆರ್ಕೆಸ್ಟ್ರಾ ಎಂದರೆ ನಮ್ಮ ಊರುಗಳಲ್ಲಿ ಗಣೇಶೋತ್ಸವದ ಪೆಂಡಾಲು, ಬಣ್ಣದ ದೀಪ, ಒಬ್ಬ ಜೂನಿಯರ್ ರಾಜ್‌ಕುಮಾರ್, ಮಧ್ಯರಾತ್ರಿಯವರೆಗೆ ಸಿನಿಮಾ ಹಾಡು. ಹಾಗಾಗಿ ನಾನು ವಿಯೆನ್ನಾದಲ್ಲಿ ಆರ್ಕೆಸ್ಟ್ರಾ ಕೇಳಿ ಬಂದೆ ಎಂದಾಗ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನಗು ಎದ್ದದ್ದು ಸಹಜವೇ. ಅಲ್ಲಿನವರ ಆರ್ಕೆಸ್ಟ್ರಾ ಬೇರೆ. ಎಂಬತ್ತು ತೊಂಬತ್ತು ಜನ ವಾದ್ಯಗಾರರು ಒಟ್ಟಿಗೆ ಕುಳಿತು, ಎದುರಿಗೆ ಸ್ವರ ಬರೆದ ಹಾಳೆ ಇಟ್ಟುಕೊಂಡು, ಕೈಯಲ್ಲಿ ಕಡ್ಡಿ ಹಿಡಿದು ನಿಂತ ಒಬ್ಬರ ಸನ್ನೆಗೆ ನುಡಿಸುತ್ತಾರೆ. ನಮ್ಮ ಕಛೇರಿಯಂತೆ ಮನೋಧರ್ಮಕ್ಕೆ ಅಲ್ಲಿ ಜಾಗವಿಲ್ಲ. ಬರೆದದ್ದನ್ನು ಬರೆದಂತೆ ನುಡಿಸಬೇಕು.

ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಎರಡು ಬೇಸಿಗೆ ರಜೆಗಳಲ್ಲಿ ಅವಳ ಮನೆಗೆ ಹೋದಾಗ ಬರ್ಲಿನ್, ವಿಯೆನ್ನಾಗಳನ್ನು ನೋಡಿದೆ. ಅದಕ್ಕೂ ಮುಂಚೆ ಒಂದು ಫೆಬ್ರವರಿಯಲ್ಲಿ ಮದುವೆಗೆಂದು ಮುಂಬಯಿಗೆ ಹೋದವಳು, 2006ರಲ್ಲಿ ಅಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಾರ್ಯಕ್ರಮವೊಂದನ್ನು ಕೇಳಿದ್ದೆ. ಆ ಸಂಗೀತದ ಶಾಸ್ತ್ರ ನನಗೆ ಬಾರದು. ‘ನಿಮಗೆ ಅರ್ಥವಾಗುತ್ತದೆಯೇ?’ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೈಸೂರು ಕಡೆಯವರಿಗೆ ಇದು ತೀರಾ ಪರಕೀಯವೇನಲ್ಲ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಇತ್ತು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಪೋಷಕರಾಗಿದ್ದರು. ರಷ್ಯಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊ ಕೃತಿಯನ್ನು ಅರ್ಪಿಸಿದ್ದು ಅವರಿಗೆ. ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಹಾಡುಗಳನ್ನು 1950ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಹಾಡಿದಾಗ ಹಣದ ನೆರವು ಕೊಟ್ಟವರೂ ಅವರೇ. ಹಣ ಕೊಟ್ಟವರ ಹೆಸರು ಉಳಿಯಿತು, ಹಾಡಿದವರ ಹೆಸರು ಉಳಿಯಿತು. ಆ ದಿನ ಹಿಂದಿನ ಸಾಲಿನಲ್ಲಿ ಪಿಟೀಲು ನುಡಿಸಿದವರು ಯಾರು ಎಂದು ಯಾರಿಗೆ ಗೊತ್ತು?

ನನ್ನನ್ನು ಕಾಡಿದ್ದು ಈ ಹಿಂದಿನ ಸಾಲು. ಬರ್ಲಿನ್ನಿನ ಫಿಲ್‌ಹಾರ್ಮೋನಿ ಹಾಲು, 1963ರಲ್ಲಿ ತೆರೆದದ್ದು, ನಮ್ಮ ಹಳೆಯ ಬಯಲಾಟದ ಕಣದಂತಿದೆ: ವೇದಿಕೆ ನಡುವೆ, ಜನ ಸುತ್ತಲೂ. ನಮಗೆ ಸಿಕ್ಕಿದ್ದು ಅಗ್ಗದ ಟಿಕೆಟು. ವಾದ್ಯಗಾರರ ಬೆನ್ನ ಹಿಂದೆ ಜಾಗ. ಅಂದು ದ್ವೊರ್ಜಾಕ್‌ನ ‘ಹೊಸ ಲೋಕ’ದ ಸಿಂಫನಿ. ನಲವತ್ತು ನಿಮಿಷಕ್ಕೂ ಹೆಚ್ಚಿನ ಆ ಕೃತಿಯಲ್ಲಿ ಸಿಂಬಲ್ ಎಂಬ ದೊಡ್ಡ ತಾಳ ಕೇಳಿಸುವುದು ಒಂದೇ ಒಂದು ಸಲ, ಅದೂ ಕಡೆಯ ಭಾಗದಲ್ಲಿ, ಅದೂ ಮೆಲ್ಲಗೆ. ನನ್ನ ಕಣ್ಣೆದುರಿಗೇ ಕುಳಿತಿದ್ದ ಆ ವಾದಕ ಎದ್ದು ನಿಂತು, ಆ ಒಂದು ಸದ್ದನ್ನು ಮಾಡಿ, ಮತ್ತೆ ಕುಳಿತ. ಮುಂದೆ ಕುಳಿತ ನೂರಾರು ಜನ ಅವನನ್ನು ಗಮನಿಸಿರಲಿಕ್ಕಿಲ್ಲ. ಆದರೆ ಅದೊಂದು ಇಲ್ಲದಿದ್ದರೆ ಸಂಗೀತಕ್ಕೆ ಎಲ್ಲೋ ಒಂದು ಗುಂಡಿ ತಪ್ಪಿದ ರವಿಕೆಯಂತಾಗುತ್ತಿತ್ತು.

ಅಂದು ರಾತ್ರಿ ನನಗೆ ನಿದ್ದೆ ಬೇಗ ಬರಲಿಲ್ಲ. ಮೂವತ್ತರಷ್ಟು ಪಿಟೀಲುಗಳು ಎರಡು ಗುಂಪಾಗಿ ಕುಳಿತು, ಒಂದೊಂದು ಗುಂಪು ಒಂದೇ ದನಿಯಾಗಿ ನುಡಿಸುವಾಗ, ಅವರಲ್ಲಿ ಒಬ್ಬರದು ಬೇರೆಯಾಗಿ ಕೇಳಿಸಿತೆಂದರೆ ಅದು ತಪ್ಪು. ಕೇಳಿಸದಿರುವುದೇ ಅಲ್ಲಿ ಜಾಣ್ಮೆ. ನಮ್ಮ ಅಡಿಗೆಮನೆಯ ನ್ಯಾಯವೂ ಇದೇ ಅಲ್ಲವೇ? ಸಾರಿಗೆ ಉಪ್ಪು ಸರಿಯಾಗಿದ್ದ ದಿನ ಯಾರೂ ಮಾತಾಡುವುದಿಲ್ಲ. ‘ನಾನು’ ಎಂಬುದನ್ನು ಕರಗಿಸಿಕೊಂಡು ದುಡಿಯುವುದು ದೊಡ್ಡ ಗುಣ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ; ನಾನೂ ತರಗತಿಯಲ್ಲಿ ಹೇಳಿದ್ದೇನೆ. ಬರ್ಲಿನ್ನಿನಲ್ಲಿ ಆ ಮಾತು ಕಣ್ಣಿಗೆ ಕಟ್ಟಿದಂತೆ ನಿಜವೆನಿಸಿತು.

ಅದು ಅಷ್ಟು ಸರಳವಲ್ಲ ಎಂದು ತಿಳಿದದ್ದು ಮರುವರ್ಷ ವಿಯೆನ್ನಾದಲ್ಲಿ. ಮುಸಿಕ್‌ಫೆರೈನ್‌ನ ಚಿನ್ನದ ಹಾಲು 1870ರದು. ಗೋಡೆ, ಛಾವಣಿ, ಕಂಬದ ಬೊಂಬೆ ಎಲ್ಲಕ್ಕೂ ಹೊನ್ನಿನ ಬಣ್ಣ. ಹಿಂಭಾಗದಲ್ಲಿ ನಿಂತು ಕೇಳುವವರಿಗೆ ಕಡಿಮೆ ದರದ ಟಿಕೆಟು. ಮಂಡಿನೋವಿನ ನಾನು ಮರದ ಕಟಕಟೆಗೆ ಒರಗಿ ನಿಂತೆ. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನವರು ಬ್ರಾಮ್ಸ್‌ನ ಮೂರನೆಯ ಸಿಂಫನಿ ನುಡಿಸಿದರು. 1883ರಲ್ಲಿ ಇದೇ ತಂಡ ಇದೇ ಹಾಲಿನಲ್ಲಿ ಮೊಟ್ಟಮೊದಲು ನುಡಿಸಿದ ಕೃತಿ. ಅದರ ನಾಲ್ಕು ಭಾಗಗಳೂ ಆರ್ಭಟವಿಲ್ಲದೆ, ದೀಪ ಸಣ್ಣ ಮಾಡಿದ ಹಾಗೆ ಮುಗಿಯುತ್ತವೆ. ಕಣ್ಣೊರೆಸಿಕೊಂಡೆ ಎಂದು ಹೇಳಲು ನಾಚಿಕೆಯಿಲ್ಲ.

ವಾಪಸು ಬರುವ ರೈಲಿನಲ್ಲಿ ಮಗಳು ಆ ತಂಡದ ಚರಿತ್ರೆ ಹೇಳಿದಳು. 1842ರಲ್ಲಿ ಹುಟ್ಟಿದ ಈ ಆರ್ಕೆಸ್ಟ್ರಾ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 1997ರ ಫೆಬ್ರವರಿಯಲ್ಲಿ. ನೂರೈವತ್ತೈದು ವರ್ಷ! ಅದೂ ಅಮೆರಿಕದ ಪ್ರವಾಸಕ್ಕೆ ಹೊರಟಾಗ ಅಲ್ಲಿ ಪ್ರತಿಭಟನೆ ಎದುರಾಗುತ್ತದೆಂದು ಗೊತ್ತಾದ ಮೇಲೆ. ಮೊದಲು ಸದಸ್ಯೆಯಾದವರು ಆನಾ ಲೆಲ್ಕೆಶ್, ಹಾರ್ಪ್ ವಾದಕಿ. ಆದರೆ ಆಕೆ ಅಂದು ಹೊಸದಾಗಿ ಬಂದವರಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ತಂಡದ ಜೊತೆ ಕುಳಿತು ನುಡಿಸುತ್ತಲೇ ಇದ್ದವರು. ಹಾರ್ಪ್ ಬೇಕಿತ್ತು, ನುಡಿಸುವ ಕೈ ಬೇಕಿತ್ತು. ಸದಸ್ಯರ ಪಟ್ಟಿಯಲ್ಲಿ ಹೆಸರು ಬೇಡವಾಗಿತ್ತು.

ಈಗ ಹೇಳಿ, ಸಿಂಬಲ್ ವಾದಕನ ಅನಾಮಿಕತೆಯೂ ಲೆಲ್ಕೆಶ್ ಅವರ ಅನಾಮಿಕತೆಯೂ ಒಂದೇ ಏನು? ಹೊರಗಿನಿಂದ ನೋಡಿದರೆ ಇಬ್ಬರೂ ಕಾಣದೆ ದುಡಿದವರೇ. ಆದರೆ ಅವನ ಹೆಸರು ಪಟ್ಟಿಯಲ್ಲಿದೆ, ಅವನಿಗೊಂದು ಮತವಿದೆ. ಅವನು ತನ್ನನ್ನು ತಾನೇ ಕರಗಿಸಿಕೊಂಡವನು. ಆಕೆಯನ್ನು ಬೇರೆಯವರು ಅಳಿಸಿದರು. ತ್ಯಾಗ ಮಾಡಬೇಕಾದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕಷ್ಟೆ.

ಅಳಿಸುವುದಕ್ಕೆ ಇನ್ನೊಂದು ಬಗೆಯೂ ಇದೆ, ಅದು ನ್ಯಾಯಕ್ಕಾಗಿ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳು 1970ರ ದಶಕದಿಂದೀಚೆಗೆ ಆಯ್ಕೆ ಪರೀಕ್ಷೆಯಲ್ಲಿ ಪರದೆ ಕಟ್ಟತೊಡಗಿದವು. ನುಡಿಸುವವರು ಪರದೆಯ ಆಚೆ, ತೀರ್ಪು ಕೊಡುವವರು ಈಚೆ. ಚಪ್ಪಲಿಯ ಟಕ್ ಟಕ್ ಸದ್ದಿನಿಂದ ಹೆಂಗಸೆಂದು ತಿಳಿದೀತೆಂದು ನೆಲಕ್ಕೆ ಜಮಖಾನ ಹಾಸಿದ್ದೂ ಉಂಟು. ಆಮೇಲೆ ಅಲ್ಲಿ ಹೆಂಗಸರ ಸಂಖ್ಯೆ ಏರಿತು. ವಧುಪರೀಕ್ಷೆಗೂ ಇಂಥದೊಂದು ಪರದೆ ಇದ್ದಿದ್ದರೆ ಎಂದು ನಾನು ಅಂದದ್ದಕ್ಕೆ ಮಗಳು ಇಡೀ ರೈಲು ತಿರುಗಿ ನೋಡುವಂತೆ ನಕ್ಕಳು.

ವಿಯೆನ್ನಾದವರನ್ನು ಬೈದು ಸುಮ್ಮನಾಗುವುದು ಸುಲಭ. ನಮ್ಮ ಕಛೇರಿಗಳಲ್ಲೂ ಹೆಂಗಸರಿಗೆ ಪಕ್ಕವಾದ್ಯ ನುಡಿಸುವುದಿಲ್ಲ ಎನ್ನುತ್ತಿದ್ದ ಘನ ವಿದ್ವಾಂಸರಿದ್ದರು. ಘಟಂ ಕಲಿತ ಸುಕನ್ಯಾ ರಾಮಗೋಪಾಲ್ ಅವರ ಜೊತೆ ಕೂರಲು ಒಪ್ಪದ ಮೃದಂಗದವರಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ‘ಸ್ತ್ರೀ ತಾಳ ತರಂಗ’ ಎಂದು ಹೆಂಗಸರದೇ ತಂಡ ಕಟ್ಟಿದರು. ಇನ್ನು ತಂಬೂರಿ. ಆಹ್ವಾನ ಪತ್ರಿಕೆಯಲ್ಲಿ ಹಾಡುವವರು, ಪಿಟೀಲು, ಮೃದಂಗ, ಘಟ ಎಲ್ಲರ ಹೆಸರಿರುತ್ತದೆ. ಮೂರು ಗಂಟೆ ಶ್ರುತಿ ಹಿಡಿದು ಕುಳಿತವರದು ಎಷ್ಟೋ ಸಲ ಇರುವುದಿಲ್ಲ.

ನಮ್ಮ ಅಕ್ಕ ಮದುವೆಗೆ ಮುಂಚೆ ತನ್ನ ಗುರುಗಳ ಹಿಂದೆ ಏಳೆಂಟು ವರ್ಷ ತಂಬೂರಿ ಹಿಡಿದು ಕುಳಿತವಳು. ಊರಿಗೆ ಬಂದ ಮೇಲೆ ಅವಳಿಗೆ ಲೆಲ್ಕೆಶ್ ಕಥೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. “ನಂಗೆ ಹೆಸರು ಗಿಸರು ಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ ಕಣೇ. ಆ ನಾದದೊಳಗೆ ಕೂತಿರೋದೇ ಸುಖವಾಗಿತ್ತು” ಎಂದಳು. ನನ್ನ ವಾದವೆಲ್ಲ ಬಿದ್ದುಹೋಯಿತು ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, ಮೊರದ ಮೇಲಿಂದ ಕಣ್ಣೆತ್ತದೆ, “ಆದ್ರೆ ಬೇಡ ಅನ್ನೋಕಾದ್ರೂ ಯಾರಾದ್ರೂ ಒಂದು ಸಲ ಕೇಳಬೇಕಿತ್ತಲ್ಲೇ” ಎಂದಳು.

ನಮ್ಮ ಮನೆಯವರು ಪಕ್ಕದಲ್ಲೇ ಪೇಪರು ಓದುತ್ತಿದ್ದರು. “ಹೆಸರು ಹಾಕಿದರೆ ಶ್ರುತಿ ಚೆನ್ನಾಗಿ ಸೇರುತ್ತದೆಯೇ?” ಎಂದರು. ಸೇರುವುದಿಲ್ಲ, ನಿಜ. 1997ಕ್ಕೆ ಮುಂಚಿನ ವಿಯೆನ್ನಾದ ಧ್ವನಿಮುದ್ರಿಕೆಗಳೂ ಅದ್ಭುತವಾಗಿಯೇ ಇವೆ. ಅನ್ಯಾಯ ನಡೆದ ಕಡೆ ಅಪಸ್ವರ ಕೇಳಿಸುವುದಾಗಿದ್ದರೆ ನಮ್ಮ ಕೆಲಸ ಎಷ್ಟು ಹಗುರವಾಗುತ್ತಿತ್ತು! ಪ್ರತಿ ಜೂನ್‌ನಲ್ಲಿ ಶಾಲೆಗೆ ಸೇರುವ ಮಕ್ಕಳ ಅರ್ಜಿ ತುಂಬುತ್ತೇನೆ. ‘ತಾಯಿಯ ಉದ್ಯೋಗ’ ಎಂಬಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಬಂದ ಹೆಂಗಸೇ ನನ್ನೆದುರು ನಿಂತು “ಏನೂ ಇಲ್ಲ ಮೇಡಂ” ಎಂದು ಬರೆಸುತ್ತಾಳೆ. ಮಗುವಿನ ಯೂನಿಫಾರ್ಮು ಇಸ್ತ್ರಿಯಾಗಿರುತ್ತದೆ, ಜಡೆಗೆ ರಿಬ್ಬನ್ನು ಬಿಗಿಯಾಗಿರುತ್ತದೆ. ಅಲ್ಲಿಯೂ ಅಪಸ್ವರವಿಲ್ಲ.

ಹಾಗಾದರೆ ಆ ಚಿನ್ನದ ಹಾಲಿನಲ್ಲಿ ನಾನು ಪಟ್ಟ ಸಂತೋಷಕ್ಕೆ ಏನು ಹೇಳಲಿ? ಬ್ರಾಮ್ಸ್‌ನ ಸಂಗೀತವನ್ನು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ. ಅದು ಮತ್ತೆ ನಾವೇ ಏನನ್ನಾದರೂ ಬಿಡುವುದಾಯಿತು. ಗೊತ್ತಿದ್ದೂ ಕೇಳುತ್ತೇನೆ. ಆದರೆ ಈಗ ಕಿವಿಯ ಜೊತೆ ಕಣ್ಣೂ ತೆರೆದಿರುತ್ತದೆ: ವೇದಿಕೆಯಲ್ಲಿ ಎಷ್ಟು ಜನ ಹೆಂಗಸರಿದ್ದಾರೆ, ಯಾವ ಸಾಲಿನಲ್ಲಿದ್ದಾರೆ ಎಂದು ಎಣಿಸುತ್ತೇನೆ. 2011ರಲ್ಲಿ ಅಲ್ಬೆನಾ ಡನೈಲೋವಾ ಆ ತಂಡದ ಪಿಟೀಲು ಮುಖ್ಯಸ್ಥರಲ್ಲಿ ಒಬ್ಬರಾದರು. ಲೋಕವೆಲ್ಲ ಟಿ.ವಿ.ಯಲ್ಲಿ ನೋಡುವ ಅವರ ಹೊಸವರ್ಷದ ಕಛೇರಿಯಲ್ಲಿ ಒಬ್ಬ ಹೆಂಗಸು ರಚಿಸಿದ ಕೃತಿಯನ್ನು ಮೊದಲ ಸಲ ನುಡಿಸಿದ್ದು 2025ರಲ್ಲಿ: ಕಾನ್ಸ್ಟಾನ್ಸೆ ಗೈಗರ್ ಎಂಬಾಕೆಯ ಒಂದು ವಾಲ್ಟ್ಸ್. ಆಕೆ ಹತ್ತೊಂಬತ್ತನೆಯ ಶತಮಾನದವಳು.

ಮುಂದಿನ ಬೇಸಿಗೆಗೆ ಮಗಳು ಮತ್ತೆ ಕರೆದಿದ್ದಾಳೆ. ಅಕ್ಕನೂ ಬರುತ್ತೇನೆಂದಿದ್ದಾಳೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದ್ದೇವೆ. ಈ ಸಲ ನಿಲ್ಲುವ ಟಿಕೆಟು ಬೇಡ, ಹಾರ್ಪ್ ಚೆನ್ನಾಗಿ ಕಾಣುವ ಕಡೆ ಎರಡು ಕುರ್ಚಿ ನೋಡು ಎಂದು ಹೇಳಿದ್ದೇನೆ.